ನೊರೆನಾಡಿನ ಮೊದಲ ಬುಟ್ಟಿ

ಬಹಳ ಹಿಂದೆ, ಜನ ಮೀನನ್ನಷ್ಟೇ ಮೀನು ಎಂದು ಕರೆಯುತ್ತಿದ್ದ ಕಾಲದಲ್ಲಿ, ಕಡಲಂಚಿಗೆ ನೊರೆನಾಡು ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜ ಅಂಬುಧಿವರ್ಮರು. ಪ್ರಜೆಗಳ ಬಾಯಾರಿಕೆಗೆ ಮರುಗಿ, ಮನೆಮನೆಗೂ ದಿನಕ್ಕೆ ನಾಲ್ಕು ಬಾಟಲಿ ನೀರು ಹಂಚಿಸುತ್ತಿದ್ದ ಕರುಣಾಳುಗಳು. ಊರ ಬಾವಿಗಳು ತುಂಬಿಯೇ ಇದ್ದವು, ಅದು ಬೇರೆ ವಿಷಯ. ಪ್ರತಿ ಬಾಟಲಿಯ ಮೇಲೂ ಮಹಾರಾಜರ ನಗುಮುಖ. ನೀರು ಮುಗಿದ ಮೇಲೆ ಆ ಮುಖಗಳೆಲ್ಲ ಊರ ತೋಡಿಗೆ ಬಿದ್ದು, ಅರಮನೆಯ ಪಕ್ಕದಲ್ಲೇ ತೇಲುತ್ತ ಕಡಲು ಸೇರುತ್ತಿದ್ದವು.

ದುಗ್ಗಕ್ಕ ಆ ಕಡಲಲ್ಲಿ ಮೀನು ಹಿಡಿದು ಬದುಕುವವಳು. ಗಂಡ ಹೋದ ಮೇಲೆ ದೋಣಿಯೂ ಅವಳದೇ, ಹುಟ್ಟೂ ಅವಳದೇ. ಆ ವರ್ಷ ಮಳೆಗಾಲವಿಡೀ ಜಗಲಿಯಲ್ಲಿ ಕೂತು ಹೊಸ ಬಲೆ ಹೆಣೆದಿದ್ದಳು. ಮಳೆ ನಿಂತ ಮೇಲೆ ಬೀಸಿದ ಮೊದಲ ಬಲೆಗೆ ಸಿಕ್ಕಿದ್ದು ಮಹಾರಾಜರ ಮುಖಗಳು, ಹಾಲಿನ ಪ್ಲಾಸ್ಟಿಕ್ ತೊಟ್ಟೆಗಳು, ಒಂದು ಒಂಟಿ ಹವಾಯಿ ಚಪ್ಪಲಿ. ಹೆಸರಿಗೆ ಒಂದು ಬೂತಾಯಿ ಮೀನೂ ಇರಲಿಲ್ಲ.

ನೊರೆನಾಡಿನಲ್ಲೊಂದು ಪದ್ಧತಿ ಇತ್ತು. ಮಳೆಗಾಲ ಕಳೆದು ಬಂದ ಮೊದಲ ಬುಟ್ಟಿ ಅರಮನೆಗೆ ಹೋಗಬೇಕು. ಹಿಂದೊಬ್ಬ ಅರಸ ಸಣ್ಣ ಮೀನು ಕಂಡು ಮೂಗು ಮುರಿದನೆಂದು ಹಿರಿಯರು ಶಾಸನವನ್ನೇ ಕೆತ್ತಿಸಿಟ್ಟಿದ್ದರು: ಬುಟ್ಟಿಯಲ್ಲಿ ಬಂದದ್ದನ್ನು ಮೀನಲ್ಲ ಎಂದವನ ಸಿಂಹಾಸನ ಕಡಲಪಾಲಾಗುವುದು. ನಗಬೇಡಿ, ಶಾಸನ ಎಂದರೆ ಶಾಸನವೇ. ದುಗ್ಗಕ್ಕನಿಗೆ ಅದೆಲ್ಲ ನೆನಪಿರಲಿಲ್ಲ. ಕಣ್ಣಾರೆ ಕಂಡರೆ ಅರಸರಿಗೆ ನಾಚಿಕೆಯಾದರೂ ಆದೀತು ಎಂದುಕೊಂಡು, ಸಿಕ್ಕಿದ್ದನ್ನು ಹಾಗೆಯೇ ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟು ಹೊರಟಳು.

"ಒಡೆಯಾ, ಸಮುದ್ರದಲ್ಲಿ ಈಗ ಇದೇ ಉಂಟು," ಎಂದು ತುಂಬಿದ ಸಭೆಯಲ್ಲಿ ಬುಟ್ಟಿ ಕವುಚಿದಳು. "ನಂಗೆ ಬೇರೆ ಎಂತದೂ ಬೇಡ. ತೋಡಿನ ಬಾಯಿಗೊಂದು ಜಾಲರಿ ಹಾಕ್ಸಿ ಕೊಡಿ. ಇಲ್ಲದಿದ್ರೆ ಈ ವರ್ಷ ನಮ್ಮ ಒಲೆ ಉರಿಯುದಿಲ್ಲ."

ಮಹಾರಾಜರು ಹುಬ್ಬು ಗಂಟಿಕ್ಕಿ, "ಏನಿದು? ಇದು ಮೀನ..." ಎನ್ನುವಷ್ಟರಲ್ಲಿ ಮಹಾಮಂತ್ರಿ ಶಬ್ದಭೂಷಣರು ಓಡಿಬಂದು ಸಿಂಹಾಸನದ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮೀನೇ ಹೌದು ಪ್ರಭು. ಅದೂ ಎಂಥ ಮೀನು. ಕೊಳೆಯುವುದಿಲ್ಲ, ನಾರುವುದಿಲ್ಲ, ಐಸ್ ಬೇಡ. ಮೇಲಾಗಿ ತಮ್ಮದೇ ಮುಖಾರವಿಂದ. ಸಮುದ್ರರಾಜನೇ ತಮ್ಮ ಅಭಿಮಾನಿ ಸಂಘ ಕಟ್ಟಿದಂತಿದೆ."

"ಹಾಗಾದರೆ ಕಡಲ ಮಾಲಿನ್ಯ?"

"ಮೀನು ಮಾಲಿನ್ಯವಾಗುವುದುಂಟೇ ಪ್ರಭು? ಈ ಕ್ಷಣದಿಂದ ಅದು ಶೇಕಡಾ ಸೊನ್ನೆ. ನೆರೆರಾಜ್ಯಗಳು ಪಾಪ, ಹತ್ತು ವರ್ಷದ ಟಾರ್ಗೆಟ್ ಇಟ್ಟುಕೊಂಡು ಒದ್ದಾಡುತ್ತಿವೆ. ನಾವು ಬೆಳಗ್ಗಿನ ಸೆಷನ್ನಿನಲ್ಲೇ ಮುಗಿಸಿದೆವು."

"ಅದು ತೊಟ್ಟೆ ಮಾರಾಯ್ರೆ," ಎಂದಳು ದುಗ್ಗಕ್ಕ.

ಮಂತ್ರಿಗಳು ಅವಳತ್ತ ತಿರುಗಿ ಮೆಲ್ಲಗೆ ಕೇಳಿದರು. "ಅಮ್ಮ, ತಂದವಳು ನೀನು. ಮೊದಲ ಬುಟ್ಟಿಯಲ್ಲಿ ಮೀನಲ್ಲದ್ದನ್ನು ತಂದೆ ಎಂದರೆ ಅದು ರಾಜದ್ರೋಹ. ಏನೆಂದು ಬರೆದುಕೊಳ್ಳಲಿ?"

ದುಗ್ಗಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಬಾಗಿಲಲ್ಲಿ ಭಟರಿದ್ದರು. ಅವಳು ಖಾಲಿ ಬುಟ್ಟಿ ಎತ್ತಿಕೊಂಡಳು, ಮಂತ್ರಿಗಳು 'ರಾಜಮತ್ಸ್ಯ' ಎಂದು ಬರೆದುಕೊಂಡರು.

ಪದ್ಧತಿಯಂತೆ ಮೊದಲ ತುತ್ತು ಅರಸರದು. ಅಡುಗೆಯವ ಜಾಣ, ಪರರಾಜ್ಯದಿಂದ ತರಿಸಿದ್ದ ಅಂಜಲ್ ಮೀನನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಬಿಡಿಸಿ ಹುರಿದು ಬಡಿಸಿದ, ಹೊದಿಕೆಯನ್ನು ಕಿಟಕಿಯಿಂದ ತೋಡಿಗೆ ಎಸೆದ. "ರಾಜಮತ್ಸ್ಯ ಬಹಳ ರುಚಿ," ಎಂದು ಮಹಾರಾಜರು ಬೆರಳು ಚೀಪಿದರು. ಆಸ್ಥಾನ ಕವಿಗಳು ಷಟ್ಪದಿ ರಚಿಸಿ ಕೂಡಲೇ ಗ್ರೂಪಿನಲ್ಲಿ ಹಾಕಿದರು.

ಆಮೇಲೆ ಡಂಗುರದವನಿಗೆ ಬಿಡುವಿಲ್ಲ. ರಾಜಮತ್ಸ್ಯ ಸಂರಕ್ಷಿತ ಜೀವಿ. ಅದನ್ನು ಕಡಲಿನಿಂದ ಹೆಕ್ಕುವುದು ಕಳ್ಳಬೇಟೆ. ಸಂತತಿ ಹೆಚ್ಚಲೆಂದು ತಿಂಗಳಿಗೊಮ್ಮೆ ಮಂತ್ರಿಗಳ ಅಮೃತಹಸ್ತದಿಂದ ಬಾಟಲಿ ಬಿತ್ತನೆ. ತೋಡಿಗೆ ಜಾಲರಿ ಕೇಳುವುದು ಮೀನುಮರಿಗಳ ದಾರಿಗೆ ಅಡ್ಡ ಬರುವ ಸಂಚು. ಉಗ್ರಾಣದಿಂದ ಬಂದ ರಾಜಮತ್ಸ್ಯವನ್ನು ಮಾತ್ರ ಪ್ರಜೆಗಳು ವಾರಕ್ಕೊಮ್ಮೆ ಕಡ್ಡಾಯವಾಗಿ ಉಣ್ಣತಕ್ಕದ್ದು.

ದುಗ್ಗಕ್ಕನಿಗೆ 'ಮತ್ಸ್ಯಮಾತೆ' ಎಂಬ ಬಿರುದು, ಪ್ಲಾಸ್ಟಿಕ್ ಹೂವಿನ ಹಾರ. ಅವಳ ಬಲೆ ಸಂರಕ್ಷಿತ ಜೀವಿಗೆ ಅಪಾಯಕಾರಿ ಎಂದು ಕಿತ್ತುಕೊಂಡು, ಗೌರವಾರ್ಥವಾಗಿ ಲ್ಯಾಮಿನೇಷನ್ ಮಾಡಿಸಿ ಸಭಾಮಂಟಪದಲ್ಲಿ ತೂಗುಹಾಕಿದರು. "ಬಿರುದು ನೀವೇ ಇಟ್ಕೊಳ್ಳಿ, ನನ್ನ ಬಲೆ ಕೊಡಿ," ಎಂದು ಅವಳು ಕೂಗಿದ್ದು ಕಹಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಭಾನುವಾರ ಮಧ್ಯಾಹ್ನ, ಉಣ್ಣುತ್ತಾರೋ ಇಲ್ಲವೋ ಎಂಬ ತಪಾಸಣೆಗೆ ಅರಮನೆಯ ಇನ್‌ಸ್ಪೆಕ್ಟರು ಮನೆಗೆ ಬಂದರು. ದುಗ್ಗಕ್ಕ ಕಾಯಿ, ಮೆಣಸು, ಹುಳಿ ಅರೆದು ಸಾರು ಕುದಿಸಿದ್ದಳು. ಅದರಲ್ಲಿ ಮಹಾರಾಜರ ಮುಖ ಮುದುಡುತ್ತ ತೇಲುತ್ತಿತ್ತು.

"ರುಚಿ ಹೇಗುಂಟು ದುಗ್ಗಕ್ಕ? ಫೀಡ್‌ಬ್ಯಾಕ್ ಕಾಲಂ ಖಾಲಿ ಬಿಡ್ಲಿಕ್ಕಿಲ್ಲ."

ಬಲೆ ತೂಗುತ್ತಿದ್ದ ಗೋಡೆಯಲ್ಲಿ ಈಗ ಬರೀ ಮೊಳೆ ಇತ್ತು. ಅದನ್ನೇ ನೋಡುತ್ತ, "ಮುಳ್ಳಿಲ್ಲ," ಎಂದಳು.

ಅಷ್ಟು ಸಾಕಾಯಿತು. ಮರುವಾರದಿಂದ ಬಾಟಲಿಗಳ ಮೇಲೆ ಮಹಾರಾಜರ ಪಕ್ಕದಲ್ಲಿ ದುಗ್ಗಕ್ಕನ ಮುಖವೂ ಅಚ್ಚಾಗಿ ಬಂತು, 'ಮುಳ್ಳಿಲ್ಲದ ಮೀನು, ಪ್ರಜೆಗಳೇ ಮೆಚ್ಚಿದ್ದು' ಎಂಬ ಒಕ್ಕಣೆಯೊಂದಿಗೆ. ದುಗ್ಗಕ್ಕನ ದೋಣಿ ಮರಳಿನಲ್ಲೇ ಉಳಿಯಿತು. ಅವಳ ಮುಖ ಮಾತ್ರ ಪ್ರತಿ ಮನೆಯಿಂದಲೂ ದಿನಕ್ಕೆ ನಾಲ್ಕು ಸಲ ಕಡಲಿಗೆ ಹೋಗುತ್ತಿತ್ತು.