ಮಾವನ ಹಳದಿ ಚೀಟಿಗಳು

ಒಂದು ಇಡೀ ಪ್ರಿಂಟಿಂಗ್ ಪ್ರೆಸ್ಸಿನ ಕೆಲಸದ ರೀತಿಯನ್ನೇ ಬದಲಾಯಿಸಿದ ನನ್ನ ಸೋದರಮಾವನಿಗೆ ಮನೆಯ ಫ್ಯಾನು ರಿಪೇರಿ ಮಾಡಿಸಲು ಎರಡು ಬೇಸಿಗೆ ಸಾಲಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅತ್ತೆಯನ್ನು ಕೇಳಿ ನೋಡಿ, ಇನ್ನೊಂದು ಬೇಸಿಗೆಯನ್ನೂ ಸೇರಿಸುತ್ತಾಳೆ.

ಮಾವ ಬೆಟಗೇರಿಯ ನೇಕಾರರ ಮನೆಯವನು. ಮಗ್ಗ ಬಿಟ್ಟು ಗದಗಿನ ಪ್ರೆಸ್ಸೊಂದರಲ್ಲಿ ಮೇಲ್ವಿಚಾರಕನಾಗಿದ್ದ. ಅಲ್ಲಿಯೇ ಕರಡು ತಿದ್ದುತ್ತಿದ್ದ ನನಗೆ ಇಂದಿಗೂ ಮಸಿಯ ವಾಸನೆ ಬಂದರೆ ಆ ದಿನಗಳೇ ನೆನಪಾಗುತ್ತವೆ. ಲಗ್ನ ಮುಗಿದ ಮೇಲೆ ಲಗ್ನಪತ್ರಿಕೆ ಕೊಡುವುದರಲ್ಲಿ ನಮ್ಮ ಪ್ರೆಸ್ಸು ಹೆಸರುವಾಸಿ. ಬೇಸತ್ತ ಮಾಲಕರು ಮಾವನನ್ನು ಮೂರು ದಿನದ ತರಬೇತಿಗೆ ಹುಬ್ಬಳ್ಳಿಗೆ ಕಳಿಸಿದರು. ಮರಳಿದವನ ಚೀಲದಲ್ಲಿ ಹಳದಿ ಚೀಟಿಗಳ ಕಟ್ಟು, ಬಾಯಲ್ಲಿ ಒಂದು ಹೊಸ ಶಬ್ದ.

“ಇನ್ನ ಮ್ಯಾಲೆ ನಮ್ಮದು ಅಜೈಲ್ ಪದ್ಧತಿ,” ಎಂದ.

ಪುಸ್ತಕ ಹೊಲಿಯುವ ಗಿರಿಜವ್ವ ಸೂಜಿ ಕೆಳಗಿಟ್ಟಳು. “ಯಾವ ಜೈಲ್ರೀ ಸಾಹೇಬ್ರ? ನಾವೇನ್ ತಪ್ಪ ಮಾಡೇವಿ?”

ಅಜೈಲ್ ಎಂದರೆ ಇಂಗ್ಲಿಷಿನಲ್ಲಿ ಚುರುಕು; ಪದ್ಧತಿ ಸರಳವಾಗಿತ್ತು. ಮುಂಜಾನೆ ಎಲ್ಲರೂ ನಿಂತು ಹತ್ತು ನಿಮಿಷ ಮಾತಾಡಬೇಕು. ಪ್ರತಿ ಕೆಲಸಕ್ಕೂ ಒಂದು ಚೀಟಿ. ಅದು ಹಲಗೆಯ ಮೇಲೆ ‘ಮಾಡಬೇಕು’, ‘ನಡೆದಿದೆ’, ‘ಮುಗಿಯಿತು’ ಎಂಬ ಮೂರು ಮನೆ ದಾಟಬೇಕು. ಹದಿನೈದು ದಿನಕ್ಕೊಮ್ಮೆ ಶನಿವಾರ, ಎಲ್ಲಿ ಎಡವಿದೆವು ಎಂದು ಹೇಳಿಕೊಳ್ಳಬೇಕು.

“ನಿಂತ ಯಾಕ್ರಿ ಮಾತಾಡೋದು?” ಎಂದಳು ಗಿರಿಜವ್ವ.

“ಕುಂತ್ರ ಚಾ ಕೇಳ್ತೀರಿ. ಚಾ ಬಂದ್ರ ಮಾತು ಮುಗಿಯೂದಿಲ್ಲ.”

ಉತ್ಸಾಹ ಹೆಚ್ಚಾಗಿ ಅಡುಗೆಮನೆಗೂ ಒಂದು ಹಲಗೆ ಬಂತು. ಅತ್ತೆ ಮೊದಲ ದಿನವೇ ‘ಫ್ಯಾನು’ ಎಂದು ಬರೆದು ಅಂಟಿಸಿದಳು. ಮಾವ ಅದನ್ನು ‘ನಡೆದಿದೆ’ ಮನೆಗೆ ಸರಿಸಿ ಸಮಾಧಾನಪಟ್ಟುಕೊಂಡ. ಅಲ್ಲೇ ಉಳಿದು ಚೀಟಿಯ ಬಣ್ಣ ಹೋಯಿತು.

“ಚೀಟಿ ಸರಿಸಿದ್ರ ಫ್ಯಾನ್ ತಿರಗತೈತೇನ್ರಿ?” ಎಂದಳು ಅತ್ತೆ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ.

ಪ್ರೆಸ್ಸಿನಲ್ಲೂ ಅದೇ ಕಥೆ. ಎರಡು ತಿಂಗಳಲ್ಲಿ ಮುಂಜಾನೆ ನಿಲ್ಲುವವರು ಮಾವ ಮತ್ತು ನಾನು ಇಬ್ಬರೇ. ನಾನು ಬರುತ್ತಿದ್ದುದೇ ಅವನ ಸ್ಕೂಟರಿನಲ್ಲಿ, ತಪ್ಪಿಸಿಕೊಳ್ಳುವುದು ಹೇಗೆ? ಶನಿವಾರ ಬಲವಂತದಿಂದ ಸೇರಿಸಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಎಲ್ಲಾ ಚಲೋ ಐತ್ರಿ.” ಒಂದು ಸಲ ಹೀಗೆಂದ ವಾರವೇ ಲಕ್ಷ್ಮೇಶ್ವರದ ಲಗ್ನಪತ್ರಿಕೆಯೊಂದರಲ್ಲಿ ವರನ ಜಾಗದಲ್ಲಿ ಅವನ ಅಣ್ಣನ ಹೆಸರು ಅಚ್ಚಾಗಿ, ಆ ಅಣ್ಣನ ಹೆಂಡತಿ ಖುದ್ದಾಗಿ ಪ್ರೆಸ್ಸಿಗೆ ಬಂದು ಹೋಗಿದ್ದಳು!

ಆ ಶನಿವಾರ ಈ ಮಾತು ಬಂದಾಗ ಎಲ್ಲರೂ ಕರಡು ತಿದ್ದುವ ನನ್ನ ಕಡೆ ನೋಡಿದರು. ಮಾವ ಹೇಳಿದ: “ಅದು ನನ್ನ ತಪ್ಪು. ಜಲ್ದಿ ಆಗ್ಲಿ ಅಂತ ಕರಡು ತೋರಸದ ಅಚ್ಚಿಗೆ ಕೊಟ್ಟಾಂವ ನಾನ.”

ಮೇಲಿನವರು ತಪ್ಪು ಒಪ್ಪಿದ್ದನ್ನು ಯಾರೂ ಕೇಳಿರಲಿಲ್ಲ. ಗಿರಿಜವ್ವ ಧೈರ್ಯ ಮಾಡಿ ಮುಂದೆ ಬಂದಳು.

“ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಖರೆ ಹೇಳಬೇಕಂದ್ರ ಅಡಚಣಿ ನೀವ ಅದೀರಿ. ಚೀಟಿ ನೀವ ಬರೀತೀರಿ, ನೀವ ಸರಸ್ತೀರಿ. ನೀವ ಕೇಳ್ತೀರಿ, ಉತ್ತರಾನೂ ನೀವ ಹೇಳ್ತೀರಿ. ನಾವು ಬರೇ ಕಾಲ್ ನೋಯಿಸ್ಕೋತ ನಿಂದರ್ತೀವಿ.”

ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಪೆನ್ನನ್ನು ಗಿರಿಜವ್ವನ ಕೈಗೆ ಕೊಟ್ಟು ಎಲ್ಲರ ಹಿಂದೆ ಹೋಗಿ ನಿಂತ. ಬರೆಯಲು ಬಾರದ ಆಕೆ ಚಿತ್ರ ಬಿಡಿಸಿದಳು: ಲಗ್ನಪತ್ರಿಕೆಗೆ ಬಾಸಿಂಗ, ಶಾಲೆಯ ಪುಸ್ತಕಕ್ಕೆ ಪಾಟಿಚೀಲ. ಮಷೀನಿನವರು ಹೇಳಿಸಿಕೊಳ್ಳದೆ ಚೀಟಿ ಸರಿಸತೊಡಗಿದರು. ಪತ್ರಿಕೆಗಳು ಲಗ್ನಕ್ಕೆ ಮೊದಲೇ ಊರು ಮುಟ್ಟಿದವು. ‘ಅಜೈಲ್’ ಎಂಬ ಶಬ್ದವನ್ನು ಮತ್ತೆ ಯಾರೂ ಆಡಲಿಲ್ಲ. ಸುಮ್ಮನಿರುವುದು ಮಾವನಿಗೆ ಎಷ್ಟು ಕಷ್ಟವಾಯಿತೆಂದರೆ, ಬಾಯಿ ತೆರೆಯದಂತೆ ದಿನವೂ ಲವಂಗ ಕಚ್ಚಿಕೊಂಡು ನಿಲ್ಲುತ್ತಿದ್ದ. ಮನೆಯಲ್ಲಿ ಮಸಾಲೆಗೆ ಲವಂಗವೇ ಉಳಿಯುತ್ತಿರಲಿಲ್ಲ.

ಮಾವ ನಿವೃತ್ತನಾದ. ಗಿರಿಜವ್ವನೂ ಮೊಣಕಾಲು ನೋವೆಂದು ಕೆಲಸ ಬಿಟ್ಟಳು. ನಾನು ಮುಂಡರಗಿಯಲ್ಲಿ ಮಾಸ್ತರನಾದೆ. ಮೊನ್ನೆ ಮಗಳ ನಾಮಕರಣದ ಪತ್ರಿಕೆ ಮಾಡಿಸಲು ಅದೇ ಪ್ರೆಸ್ಸಿಗೆ ಹೋದೆ. ಎಲ್ಲ ಹೊಸ ಮುಖಗಳು. ಹಲಗೆಯ ಮುಂದಿದ್ದ ತರುಣಿಯೊಬ್ಬಳು, “ಹತ್ತ ನಿಮಿಷ ತಡೀರಿ, ನಮ್ಮದು ಮಾತಾಡೋ ಹೊತ್ತು,” ಎಂದಳು.

ಮುಗಿದ ಮೇಲೆ, ಇದನ್ನು ಶುರು ಮಾಡಿದವರು ಯಾರೆಂದು ಕೇಳಿದೆ.

“ಗೊತ್ತಿಲ್ರಿ. ಮೊದಲಿಂದ ಹಿಂಗ ಐತಿ.”

ಅಲ್ಲಿಂದ ನೇರವಾಗಿ ಬೆಟಗೇರಿಗೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಅವನು ಬಹಳ ಹೊತ್ತು ಕೇಳಿ, ಮೆಲ್ಲಗೆ ವಿಚಾರಿಸಿದ: “ನನ್ನ ಹೆಸರು ಯಾರರ ತಗದ್ರೇನು?”

ಒಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ.

“ಇಲ್ಲ, ಮಾವ. ಯಾರೂ ತಗೀಲಿಲ್ಲ.”

ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. ಮತ್ತೆ ಒರೆಸಿದ. ಆಮೇಲೆ ಒಳಗೆ ಮುಖಮಾಡಿ ಅತ್ತೆಯನ್ನು ಕೂಗಿದ:

“ಕೇಳಿದೇನ? ಪದ್ಧತಿ ಈಗ ಅವರದ ಆಗೇತಂತ. ಇವತ್ತ ಸಿಹಿ ಆಗ್ಲಿ, ಗೋದಿ ಹುಗ್ಗಿ ಮಾಡು.”