ಹತ್ತು ಸಹಿಯ ಅರ್ಜಿ

ಬೇಕರಿಯವನ ನಿದ್ದೆಗೆ ಕಲ್ಲು ಬಿದ್ದದ್ದು ಮನೆ ಹಿಂದಿನ ಹಳೇ ಗೋದಾಮಿಗೆ ಸೈನ್ಯದ ಮೀಸಲು ಪಡೆ ಬಂದು ಇಳಿದ ದಿನ. ರಾತ್ರಿಯಿಡೀ ಹಿಟ್ಟು ನಾದಿ, ಬ್ರೆಡ್ಡು ಬೇಯಿಸಿ, ಬೆಳಗಿನ ಐದಕ್ಕೆ ಅವನು ದಿಂಬಿಗೆ ತಲೆ ಕೊಡಬೇಕು. ಐದೂ ಐದಕ್ಕೆ ಗೋದಾಮಿನಲ್ಲಿ ಕಹಳೆ ಮೊಳಗಬೇಕು. ಹದಿನೈದು ದಿನ ಹೀಗೇ! ನಿದ್ದೆಗೆಟ್ಟು ಆಗಲೇ ಒಂದು ದಿನ ಹಿಟ್ಟಿಗೆ ಎರಡು ಸಲ ಉಪ್ಪು ಸುರಿದಿದ್ದ. "ಇನ್ನೊಂದು ಸಲ ಹೀಗಾದ್ರೆ ಕೆಲಸಕ್ಕೆ ಬರೋದೇ ಬೇಡ" ಎಂದು ಬೇಕರಿ ಯಜಮಾನ ಹೇಳಿಬಿಟ್ಟಿದ್ದ.

ಅವತ್ತು ತಾಳ್ಮೆ ಕೆಟ್ಟು ಸೀದಾ ಕ್ಯಾಪ್ಟನ್ ಮುಂದೆ ಹೋಗಿ ನಿಂತ.

"ಒಬ್ಬರ ಮಾತಿಗೆ ಏನೂ ಬದಲಾಗಲ್ಲ. ಬೀದಿಯ ಹತ್ತು ಜನ ಸಹಿ ಹಾಕಿದ ಅರ್ಜಿ ತನ್ನಿ" ಎಂದರು ಕ್ಯಾಪ್ಟನ್. "ಅದರಲ್ಲಿ ಇದ್ದದ್ದನ್ನ ಇದ್ದ ಹಾಗೇ ನಡೆಸಿಕೊಡ್ತೀವಿ. ಊರಿನವರ ಜೊತೆ ಹೊಂದ್ಕೊಂಡು ಹೋಗಿ ಅಂತ ಮೇಲಿಂದ ಆರ್ಡರ್ ಆಗಿದೆ."

ಹತ್ತು ಸಹಿ ಏನು ಮಹಾ! 'ಕಹಳೆ ನಿಲ್ಲಿಸಿ' ಎಂದು ಬರೆದು, ಕೆಳಗೆ ಮೊದಲ ಸಹಿ ತಾನೇ ಹಾಕಿ, ಎದುರು ಮನೆಯ ನಿವೃತ್ತ ಮೇಷ್ಟ್ರ ಬಾಗಿಲು ತಟ್ಟಿದ.

"ಇದೇನಯ್ಯಾ, ಅರ್ಜೀನೋ ಬೆದರಿಕೆ ಪತ್ರಾನೋ?" ಮೇಷ್ಟ್ರು 'ನಿಲ್ಲಿಸಿ'ಯನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, 'ವಿಷಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಬೇಕು' ಎಂದು ತಿದ್ದಿ ಸಹಿ ಹಾಕಿದರು. "ನಿನ್ನ ಭಾಷೆ ನಂಬೋ ಹಾಗಿಲ್ಲ. ನಡಿ, ನಾನೂ ಬರ್ತೀನಿ."

ಟೈಲರ್ ಕೈಮುಗಿದ. "ಪಡೆಯವರ ಅಂಗಿಗೆಲ್ಲ ಗುಂಡಿ ಹೊಲಿಯೋನು ನಾನು. ನನ್ನ ಹೊಟ್ಟೆ ಮೇಲೆ ಹೊಡೀಬೇಡಪ್ಪಾ. 'ಪಡೆ ಇಲ್ಲೇ ಇರಲಿ' ಅಂತ ಸೇರಿಸಿ, ಆಮೇಲೆ ಸಹಿ." ಮೇಷ್ಟ್ರು ಸೇರಿಸಿದರು.

ಬೀದಿಯ ಕೊನೆಯ ಮನೆಯ ಅಜ್ಜಿಯದು ದೊಡ್ಡ ಸಂಸಾರ. ಅಲ್ಲೇ ಆರು ಸಹಿ! ಅಜ್ಜಿ ಬಿಸಿಲೇರಿದರೂ ಏಳದ ತನ್ನ ಮನೆಯ ಸೋಂಬೇರಿಗಳ ಪುರಾಣ ತೆಗೆದರು, ಮೇಷ್ಟ್ರು ತಲೆದೂಗುತ್ತ ಬರೆದುಕೊಂಡರು. ಬೇಕರಿಯವನಿಗೆ ಅದು ಜೋಗುಳದ ಹಾಗೆ ಕೇಳಿಸಿ, ಗೋಡೆಗೊರಗಿ ಗೊರಕೆ ಹೊಡೆದುಬಿಟ್ಟ. ಎದ್ದಾಗ ಒಂಬತ್ತು ಸಹಿಯಾಗಿತ್ತು. ಸಂತೋಷದಲ್ಲಿ ಏನು ಬರೆದಿದೆಯೆಂದು ನೋಡುವ ಗೋಜಿಗೇ ಹೋಗಲಿಲ್ಲ.

ಹತ್ತನೆಯದು ಮನೆಯಲ್ಲೇ ಇತ್ತಲ್ಲ, ಹೆಂಡತಿ.

"ತಾರಸಿ ಮೆಟ್ಟಿಲು ಮುರಿದು ವರ್ಷವಾಯ್ತು. ನಿಮ್ಮ ಕೈಲಂತೂ ಆಗಲಿಲ್ಲ. ಅದನ್ನೂ ಬರೀರಿ."

"ಸೈನ್ಯ ಏನು ನಿನ್ನ ಮೆಟ್ಟಿಲು ಕಟ್ಟೋಕೆ ಬಂದಿದೆಯೇನೇ?"

"ಹಾಗಾದ್ರೆ ಸಹಿ ಇಲ್ಲ."

ಹಲ್ಲು ಕಡಿಯುತ್ತ ನಿದ್ದೆಗಣ್ಣಲ್ಲೇ ಕೊನೆಗೊಂದು ಸಾಲು ಗೀಚಿದ.

ಸಂಜೆ ಕ್ಯಾಪ್ಟನ್ ಜೋರಾಗಿ ಓದತೊಡಗಿದರು. "'ಕಹಳೆ ವಿಷಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಬೇಕು.' ಆಗಲಿ. 'ಪಡೆ ಇಲ್ಲೇ ಇರಲಿ.' ಬಹಳ ಸಂತೋಷ! 'ಕಹಳೆ ಬೀದಿಯ ಕೊನೆಗೆ ಕೇಳಿಸುತ್ತಿಲ್ಲವಾದ್ದರಿಂದ ಎತ್ತರದ ಜಾಗದಿಂದ ಊದಿಸಬೇಕು.'"

"ಅಯ್ಯೋ ಸಾರ್! ಅದು ನಾನು..."

"ಮೊದಲ ಸಹಿ ನಿಮ್ಮದೇ ಅಲ್ವಾ? 'ನಮ್ಮ ಮನೆಯ ತಾರಸಿ ಮೆಟ್ಟಿಲು ಕಟ್ಟಿಸಿಕೊಡಬೇಕು.' ಬೀದಿಗೆಲ್ಲ ಎತ್ತರದ ತಾರಸಿ ನಿಮ್ಮದೇ ತಾನೇ? ಭೇಷ್! ಎಷ್ಟು ಮುಂದಾಲೋಚನೆ ನಿಮ್ಮದು!"

ಹನ್ನೆರಡು ಜನ ಸೇರಿ ಕತ್ತಲಾಗುವುದರೊಳಗೆ ಮರದ ಮೆಟ್ಟಿಲು ನಿಲ್ಲಿಸಿಯೇಬಿಟ್ಟರು. ಆ ರಾತ್ರಿ ಹಿಟ್ಟಿಗೆ ಎಷ್ಟು ಸಲ ಉಪ್ಪು ಬಿತ್ತೋ ದೇವರಿಗೇ ಗೊತ್ತು. ಬೆಳಗಿನ ಐದಕ್ಕೆ ಅವನು ದಿಂಬಿಗೆ ತಲೆ ಕೊಟ್ಟ. ದಬದಬನೆ ಬೂಟುಗಳು ಮೆಟ್ಟಿಲೇರಿ ಸರಿಯಾಗಿ ಅವನ ನೆತ್ತಿಯ ಮೇಲೆ ಬಂದು ನಿಂತವು.

ಹೆಂಡತಿ ಹಾಸಿಗೆಯಲ್ಲೇ ಎದ್ದು ಕೂತು ಕಿವಿಗೊಟ್ಟು ಕೇಳಿದಳು.

"ಎಷ್ಟು ಗಟ್ಟಿಯಾಗಿ ಕಟ್ಟಿದ್ದಾರೆ ನೋಡ್ರೀ, ಒಂದು ಚೂರೂ ಅಲ್ಲಾಡಲ್ಲ!"