ನಾಗಮಂಗಲವೆಂಬ ಹೊರದೇಶ

ಯಾರಾದರೂ ನನ್ನ ವಿಷಯ ಕೇಳಿದರೆ, ಅವರ ವಿಷಯವನ್ನೇ ತಿರುಗಿ ಕೇಳಿ ತಪ್ಪಿಸಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಸಂಬಳ ಎಷ್ಟು, ಮದುವೆ ಯಾವಾಗ, ಯಾಕಿಷ್ಟು ಸೊರಗಿದ್ದೀಯ ಎಂಬ ಪ್ರಶ್ನೆಗಳನ್ನು ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕುಳಿತವರೂ ಕೇಳುತ್ತಾರೆ. ಪಾಂಡವಪುರದಲ್ಲಿ ಹತ್ತಿ ಕೆ.ಆರ್. ಪೇಟೆಯಲ್ಲಿ ಇಳಿಯುವುದರೊಳಗೆ ನಾನು ಅವರ ಸೊಸೆಯ ಬಾಣಂತನದವರೆಗೆ ಎಲ್ಲವನ್ನೂ ತಿಳಿದುಕೊಂಡು, ನನ್ನ ಹೆಸರನ್ನೂ ಹೇಳದೆ ಇಳಿದುಹೋಗಬಲ್ಲೆ. ಇದಕ್ಕೆ ಅಮ್ಮ ಬಿಗುಮಾನ ಎನ್ನುತ್ತಾಳೆ. ನಾನು ಶಿಸ್ತು ಎಂದುಕೊಂಡಿದ್ದೇನೆ. ಇಂಥ ನನ್ನ ಪಾಲಿಗೆ, ನೆಂಟರ ಹೆಂಗಸರ ಮನೆಗಳಿಗೆ ಹೋಗಿ, ಅವರು ಕೊಟ್ಟ ಕಾಫಿ ಕುಡಿದು, "ಹೋದ ವರ್ಷ ನಿಮ್ಮ ಹತ್ತಿರ ಅತಿ ಹೆಚ್ಚು ಅಂದರೆ ಎಷ್ಟು ದುಡ್ಡಿತ್ತು?" ಎಂದು ಕೇಳುವ ಕೆಲಸ ಬಂತು.

ಹೇಗೆ ಬಂತು ಎಂದು ಹೇಳಿಬಿಡುತ್ತೇನೆ. ಅಮೆರಿಕದ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ, ಬಿತ್ತನೆ ಬೀಜಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಹೋಗಿ ಹೆಚ್ಚು ಕಾಲವಾಗಿಲ್ಲ. ಅಲ್ಲಿ ನೆಲೆಸಿದವರ ಹೆಸರಿನಲ್ಲಿ ಹೊರದೇಶದಲ್ಲಿ ಬ್ಯಾಂಕ್ ಖಾತೆಗಳಿದ್ದು, ಅವೆಲ್ಲ ಸೇರಿ ಒಂದು ಮಿತಿ ದಾಟಿದರೆ, ವರ್ಷಕ್ಕೊಮ್ಮೆ ಪ್ರತಿಯೊಂದರ ವಿವರವನ್ನೂ ಸರ್ಕಾರಕ್ಕೆ ತಿಳಿಸಬೇಕು. ಅದಕ್ಕೆಂದು ತೆರಿಗೆ ಕಟ್ಟಬೇಕಿಲ್ಲ, ತಿಳಿಸಿದರೆ ಸಾಕು. ಜಂಟಿ ಖಾತೆಗೂ ವಿನಾಯಿತಿ ಇಲ್ಲ. ದುಡ್ಡು ಯಾರದಾದರೂ ಆಗಲಿ, ಅದರ ಮೇಲೆ ನಿನ್ನ ಹೆಸರಿದೆಯೇ ಎಂಬುದಷ್ಟೇ ಅವರ ಪ್ರಶ್ನೆ. ತಿಳಿಸದವರಿಗೆ ಬೀಳುವ ದಂಡದ ವಿಷಯ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಅದಕ್ಕಿಂತ ಹೆಚ್ಚಾಗಿ 'ಹೊರದೇಶ' ಎಂಬ ಮಾತು ಕಾಡಿತು. ನನ್ನ ಮಟ್ಟಿಗೆ ಹೊರದೇಶವೆಂದರೆ ಕಿಟಕಿಯಾಚೆ ಹಿಮ ಸುರಿಯುತ್ತಿದ್ದ ಆ ಊರು. ಅವರ ಪ್ರಕಾರ ಹೊರದೇಶವೆಂದರೆ ನಾಗಮಂಗಲ.

ನಾಗಮಂಗಲದಲ್ಲಿ ನನ್ನ ಹೆಸರಿನ ಖಾತೆ ಯಾಕಿದೆ ಎಂದರೆ, ಅದು ನನ್ನ ಕೈಗುಣದ ಕಥೆ. ನನಗೆ ಆರು ವರ್ಷವಿದ್ದಾಗ ಅಮ್ಮನ ಅಕ್ಕ, ದೇವಲಾಪುರದ ದೊಡ್ಡವ್ವ, ಒಂದು ಹಸು ಕೊಂಡಳು. ರಜಕ್ಕೆ ಹೋಗಿದ್ದ ನನ್ನ ಕೈಗೆ ಹಗ್ಗ ಕೊಟ್ಟು ಅದನ್ನು ಮನೆಯೊಳಕ್ಕೆ ಕರೆಸಿದಳು. ಆ ಹಸು ಈದಾಗಲೆಲ್ಲ ಹೆಣ್ಣು ಕರು ಹಾಕಿತು. ಅದರಲ್ಲಿ ನನ್ನ ಪಾತ್ರವೇನು ಎಂದು ಆ ಹಸುವೇ ಹೇಳಬೇಕು. ಆದರೆ ಅಲ್ಲಿಂದ ಮುಂದೆ ನೆಂಟರಲ್ಲಿ ಯಾರು ಏನೇ ಹೊಸದಾಗಿ ಶುರು ಮಾಡಿದರೂ ನನ್ನ ಕೈ ಬೇಕಾಯಿತು. ಬೀಜದ ಮೊದಲ ಹಿಡಿ ನನ್ನದು, ಹೊಸ ಒಲೆಯ ಮೊದಲ ಕಡ್ಡಿ ನನ್ನದು. ಹೆಂಗಸರು ಬ್ಯಾಂಕಿನಲ್ಲಿ ಖಾತೆ ತೆರೆಯತೊಡಗಿದ ಕಾಲಕ್ಕೆ ನನಗೆ ಹದಿನೆಂಟಾಗಿತ್ತು. "ನಿನ್ನ ಹೆಸ್ರೂ ಇರ್ಲಿ ಕಣ್ಮಗ, ಏಳ್ಗೆ ಆಯ್ತದೆ" ಎಂದು ಒಬ್ಬೊಬ್ಬರೂ ನನ್ನನ್ನು ಜಂಟಿ ಖಾತೆದಾರಳಾಗಿ ಸೇರಿಸಿಕೊಂಡರು. ಸಹಿ ಹಾಕಿ ನಾನು ಮರೆತೆ. ಪ್ರಯೋಗಾಲಯದಲ್ಲಿ ನಾನು ತೇವಕ್ಕೆ ಇಟ್ಟ ಬೀಜಗಳು ಬೇರೆಯವರು ಇಟ್ಟಷ್ಟೇ ಮೊಳೆಯುತ್ತವೆ ಎಂಬ ಸತ್ಯವನ್ನು ಊರಿನಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ರಜೆ ಹಾಕಿ ಊರಿಗೆ ಬಂದೆ. ಪಾಂಡವಪುರದ ನಮ್ಮ ಮನೆಯಲ್ಲಿ ಅಮ್ಮನ ಖಾತೆಯದು ಸುಲಭವಾಗಿ ಮುಗಿಯಿತು. ಸಿಂಧಘಟ್ಟದ ಅತ್ತೆಯದು ಇನ್ನೂ ಸುಲಭ. ನಾನು ತಗ್ಗಿದ ದನಿಯಲ್ಲಿ, ಕಾನೂನಿನ ಪೀಠಿಕೆ ಹಾಕಿ, ಕ್ಷಮೆ ಕೇಳಿ, ವಿಷಯಕ್ಕೆ ಬರುವಷ್ಟರಲ್ಲಿ ಅತ್ತೆ ಜಗಲಿಯ ಮೇಲೆ ಕೂತುಕೊಂಡೇ ಮೊತ್ತವನ್ನು ಬೀದಿಗೆ ಕೇಳುವಂತೆ ಹೇಳಿ, "ಸಾಕಾ, ಇನ್ನೂ ಬೇಕಾ ನಿನ್ ಅಮೆರಿಕದೋರ್ಗೆ?" ಎಂದಳು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, "ಅಷ್ಟದಾ ಅಕ್ಕ?" ಎಂದು ಕೇಳಿ ಮುಂದೆ ಹೋದರು. ಜಮೀನಿನ ಒಂದು ತುಂಡು ಮಾರಿದ ದುಡ್ಡು ಅದರಲ್ಲಿ ಬಂದು ಕೂತಿದ್ದರಿಂದ, ಮಿತಿ ದಾಟುವ ಕೆಲಸವನ್ನು ಅತ್ತೆ ಒಬ್ಬಳೇ ಮುಗಿಸಿಕೊಟ್ಟಿದ್ದಳು. ಅಲ್ಲಿಗೆ ಉಳಿದ ಖಾತೆಗಳನ್ನೂ ಬಿಡುವಂತಿರಲಿಲ್ಲ.

ಉಳಿದದ್ದು ದೊಡ್ಡವ್ವನದು. ಅದು ಗುಟ್ಟಿನ ಖಾತೆ. ನಾಟಿ ಕೋಳಿ, ಹುಣಸೆಹಣ್ಣು, ತುಪ್ಪ ಇವನ್ನೆಲ್ಲ ಮಾರಿ ಅವಳು ಕೂಡಿಟ್ಟದ್ದು ನನ್ನೊಬ್ಬಳಿಗೆ ಗೊತ್ತು, ತಂಗಿಯಾದ ನನ್ನ ಅಮ್ಮನಿಗೂ ಗೊತ್ತಿಲ್ಲ. ಮುಖ್ಯವಾಗಿ ದೊಡ್ಡಪ್ಪನಿಗೆ ಗೊತ್ತಾಗಬಾರದು. ದೊಡ್ಡಪ್ಪ ಕುಡಿಯುವವನಲ್ಲ, ಆಡುವವನಲ್ಲ. ಕೊಡುವವನು. ಕೇಳಿದವರಿಗೆ ಇಲ್ಲ ಎನ್ನಲು ಬಾರದು. ಮನೆಯ ಏಣಿ, ನೇಗಿಲು, ಒಮ್ಮೆ ಮದುವೆಗೆ ಹೊರಟ ದೊಡ್ಡವ್ವನ ಹೊಸ ಚಪ್ಪಲಿ, ಹೀಗೆ ಆ ಮನೆಯಿಂದ ಹೋದದ್ದು ಯಾವುದೂ ವಾಪಸು ಬಂದಿಲ್ಲ. ಜಂಟಿ ಖಾತೆದಾರಳಾಗಿ ನಾನೇ ಬ್ಯಾಂಕಿಗೆ ಹೋಗಿ ವಿವರ ತೆಗೆದುಕೊಳ್ಳಬಹುದಿತ್ತು. ಆದರೆ ಅವಳಿಗೆ ಹೇಳದೆ ಅವಳ ಪೆಟ್ಟಿಗೆ ತೆರೆದಂತಾಗುತ್ತದೆ ಎನಿಸಿತು. ನನ್ನ ಮೇಜಿನ ಖಾನೆಯನ್ನು ಯಾರಾದರೂ ತೆರೆದರೆ ನಾನು ಒಂದು ವಾರ ಮಾತು ಬಿಡುವವಳು.

ನಾಗಮಂಗಲದಲ್ಲಿ ಬಸ್ಸು ಬದಲಿಸಿ ದೇವಲಾಪುರ ತಲುಪಿದಾಗ ಹಾಲು ಕರೆಯುವ ಹೊತ್ತು. ದೊಡ್ಡಪ್ಪ ಜಗಲಿಯಲ್ಲಿದ್ದ. ನಾನು ಕೊಟ್ಟಿಗೆಗೆ ಹೋಗಿ ದೊಡ್ಡವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಪೀಠಿಕೆ ಶುರು ಮಾಡುವ ಮೊದಲೇ ಅವಳು ಹಸುವಿನ ಹೊಟ್ಟೆಗೆ ಹಣೆ ಆನಿಸಿಕೊಂಡು, ಮೆಲ್ಲಗೆ, "ನೀನೇನೂ ಎದ್ರುಕೊಬ್ಯಾಡ ಮಗ. ಎಲ್ಲಾ ತೆಗ್ದುಬುಟ್ಟಿವ್ನಿ" ಎಂದಳು.

"ಏನು ತೆಗೆದೆ ದೊಡ್ಡವ್ವ?"

"ದುಡ್ಡು ಕಣವ್ವ. ಬ್ಯಾಂಕಲ್ಲಿ ಒಂದು ಕಾಸಿಲ್ಲ ಈಗ. ನಿಮ್ಮವ್ವ ಫೋನ್ ಮಾಡಿದ್ಲು. ಊರಲ್ಲಿ ದುಡ್ಡಿದ್ರೆ ಅಲ್ಲಿ ದಂಡ ಆಕ್ತಾರಂತೆ, ಕೆಲ್ಸದಿಂದ ತೆಗ್ದು ವಾಪಸ್ ಕಳಿಸ್ತಾರಂತೆ ಅಂದ್ಲು. ಅವ್ಳಿಗೆ ನಂದು ಗೊತ್ತಿಲ್ವಲ್ಲ, ಅವ್ಳ ಸಂಕಟ ಯೋಳ್ಕೊಂಡ್ಲು. ನಾನು ಮಾರ್ನೆ ದಿನ್ವೇ ಓಗಿ ಈಚ್ಗೆ ತಂದ್ಬುಟ್ಟೆ. ನಿನ್ ಅನ್ನುಕ್ಕೆ ನನ್ ಕೋಳಿ ದುಡ್ಡು ಅಡ್ಡ ಬರಬಾರ್ದು."

ಅಮ್ಮನಿಗೆ ನಾನು ಹೇಳಿದ್ದು, ತಿಳಿಸದಿದ್ದರೆ ದಂಡ ಎಂದು. ಪಾಂಡವಪುರದಿಂದ ದೇವಲಾಪುರಕ್ಕೆ ಹೋಗುವಷ್ಟರಲ್ಲಿ ಅದು ಇದ್ದರೆ ದಂಡ ಎಂದಾಗಿತ್ತು. ಅವರು ಕೇಳುವುದು ಈಗ ಎಷ್ಟಿದೆ ಎಂದಲ್ಲ, ಹೋದ ವರ್ಷ ಅತಿ ಹೆಚ್ಚು ಎಷ್ಟಿತ್ತು ಎಂದು; ಈಗ ತೆಗೆದರೆ ಏನೂ ಬದಲಾಗುವುದಿಲ್ಲ, ದುಡ್ಡು ಎಷ್ಟಿದ್ದರೂ ತೊಂದರೆಯಿಲ್ಲ, ಹೇಳಿದರಾಯಿತು ಎಂದು ನಾನು ಬಿಡಿಸಿ ಹೇಳಿದೆ. ದೊಡ್ಡವ್ವ ಕರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಅಂಗಾದ್ರೆ ಸುಮ್ಕೆ ತಂದ್ನಾ?"

"ಸುಮ್ಮನೆ ತಂದೆ ದೊಡ್ಡವ್ವ. ಎಲ್ಲಿಟ್ಟಿದ್ದೀಯ?"

"ಉಳ್ಳಿ ಮೂಟೇಲಿ."

ಅವಳು ಅದಕ್ಕೆ ಒಂದು ಲೆಕ್ಕಾಚಾರವನ್ನೂ ಹೇಳಿದಳು. ರಾಗಿ ದಿನವೂ ಬೇಕು, ಅಕ್ಕಿಗೆ ದೊಡ್ಡಪ್ಪ ಕೈ ಹಾಕುತ್ತಾನೆ, ಹುರುಳಿ ಮೂಟೆಯ ತಂಟೆಗೆ ಯಾರೂ ಹೋಗುವುದಿಲ್ಲ. ಯಾತಕ್ಕೆ ದೊಡ್ಡವ್ವ ಈ ದುಡ್ಡು ಎಂದು ನಾನು ಕೇಳಿದೆ. ಅಂಥ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿದವಳಲ್ಲ. "ಯಾತುಕ್ಕೂ ಇಲ್ಲ ಮಗ. ಇರ್ಲಿ ಅಂತ. ಒಂದು ಬಳೆ ಬೇಕಾದ್ರೂ ಬಾಯ್ಬುಟ್ಟು ಕೇಳೇ ಬಾಳ್ದೋಳು ನಾನು. ಯಾರ್ನೂ ಕೇಳ್ದೇ ಇರೋದು ಅಂತ ಒಂದಿರ್ಲಿ ಅಂತ. ನಿಮ್ ದೊಡ್ಡಪ್ಪಂಗೆ ಗೊತ್ತಾದ್ರೆ ಊರ್ಗೇ ಗೊತ್ತಾಯ್ತದೆ, ಆಮೇಕೆ ಊರೋರ್ದೇ ಆಯ್ತದೆ." ಮತ್ತೆ ಹಾಲು ಕರೆಯತೊಡಗಿ, "ನೀನು ಬರ್ದು ಕೊಡ್ತೀಯಲ್ಲ, ಆ ಅಮೆರಿಕದೋರು ಇವ್ರಿಗೆ ಯೋಳಕ್ಕಿಲ್ಲ ತಾನೆ? ಇವ್ರಿಗೆ ಎಲ್ಲಾ ಕಡೆ ಗೊತ್ತಿರೋರವ್ರೆ" ಎಂದಳು. ಅಲ್ಲಿ ದೊಡ್ಡಪ್ಪನಿಗೆ ಗೊತ್ತಿರುವವರು ಯಾರೂ ಇಲ್ಲ ಎಂದು ನಾನು ಭರವಸೆ ಕೊಟ್ಟೆ.

ಅಷ್ಟರಲ್ಲಿ ದೊಡ್ಡಪ್ಪ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. "ಲೇ ಇವ್ಳೆ, ಆ ಉಳ್ಳಿ ಮೂಟೆ ಸುಮ್ನೆ ಬಿದ್ದದಲ್ಲ, ಪಕ್ಕದ ಮನೆಯೋನು ಬಿತ್ನೆಗೆ ಬೇಕು ಅಂತಾವ್ನೆ. ಒತ್ಕೊಂಡೋಗ್ಲಾ ಅಂದಿವ್ನಿ, ಬತ್ತಾವ್ನೆ."

ದೊಡ್ಡವ್ವನ ಕೈ ಕೆಚ್ಚಲಿನ ಮೇಲೆಯೇ ನಿಂತಿತು. ಹಸು ತಿರುಗಿ ನೋಡಿತು. ನನ್ನ ಜೀವಮಾನದಲ್ಲಿ ಯಾರ ಮನೆಯಲ್ಲೂ ಇನ್ನೊಂದು ಲೋಟ ನೀರನ್ನೂ ಕೇಳಿದವಳಲ್ಲದ ನಾನು, ಎದ್ದು ನಿಂತು ಹೇಳಿದೆ: "ದೊಡ್ಡಪ್ಪ, ಆ ಹುರುಳಿ ನನಗೆ ಬೇಕು."

"ತಗೊ ಮಗ, ಒಂದು ಸೇರು ತಗೊ."

"ಅಷ್ಟೂ ಬೇಕು."

"ಮೂಟೆನೇ?"

"ಮೂಟೆನೇ. ಅಮೆರಿಕಕ್ಕೆ."

ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಲ್ಲಿ ಊಟಕ್ಕೇ ಇಲ್ಲವೇನೋ ಎಂಬ ಅನುಮಾನ ಆ ನೋಟದಲ್ಲಿತ್ತು. ಆಮೇಲೆ ಮುಖ ಅರಳಿತು. "ಈ ಮಗ ಉಟ್ಟಿದಾಗ್ಲಿಂದ ಒಂದಿನ ಏನೂ ಕೇಳಿಲ್ಲ ಕಣೆ. ಇವತ್ತು ಬಾಯ್ಬುಟ್ಟು ಕೇಳೈತೆ. ಅವ್ನಿಗೆ ಬೇರೆ ಏನಾರ ಕೊಟ್ಟು ಕಳಿಸ್ತೀನಿ ಬುಡು." ಪಕ್ಕದ ಮನೆಯವನಿಗೆ ಏನು ಕೊಟ್ಟನೋ ತಿಳಿಯದು. ಮಾರನೆಯ ಬೆಳಿಗ್ಗೆ ಮೊರ ಕಾಣಲಿಲ್ಲ.

ನಾಗಮಂಗಲದಲ್ಲಿ ಡಾಕ್ಟರಿಗೆ ಮಂಡಿ ತೋರಿಸುವ ನೆಪ ಹೇಳಿ ದೊಡ್ಡವ್ವ ನನ್ನ ಜೊತೆ ಹೊರಟಳು. ಮೂಟೆಯನ್ನು ನಾನು ಹೊರುತ್ತೇನೆ ಎಂದರೆ ದೊಡ್ಡಪ್ಪ ಬಿಡಲಿಲ್ಲ. ಹೆಂಡತಿ ಅಷ್ಟು ವರ್ಷ ಮುಚ್ಚಿಟ್ಟ ದುಡ್ಡನ್ನು ಸ್ವಂತ ಹೆಗಲ ಮೇಲೆ ಹೊತ್ತು, ಬಸ್ ನಿಲ್ಲುವ ಕಡೆಗೆ ನಮಗಿಂತ ಮುಂದೆ ನಡೆದ. ದಾರಿಯಲ್ಲಿ ಸಿಕ್ಕವರಿಗೆಲ್ಲ "ಅಮೆರಿಕಕ್ಕೆ ಓಯ್ತಾ ಅದೆ" ಎಂದು ಮೂಟೆ ತಟ್ಟಿ ತೋರಿಸಿದ. "ಒಂದು ಕಲ್ಲಿಲ್ಲ ಕಣವ್ವ, ಬೇಕಾದ್ರೆ ಬಿಚ್ಚಿ ತೋರಿಸ್ಲಾ" ಎಂದೂ ನನಗೆ ಹೇಳಿದ. ದೊಡ್ಡವ್ವ ರಸ್ತೆಯನ್ನೇ ನೋಡುತ್ತಾ, "ಬಸ್ಸು ಬತ್ತದೆ, ಬಿರ್ನೆ ನಡೀರಿ" ಎಂದಳು.

ಬ್ಯಾಂಕಿನ ಮೂಲೆಯ ಬೆಂಚಿನ ಹಿಂದೆ ಮೂಟೆ ಬಿಚ್ಚಿ, ಮೊಳಕೈವರೆಗೆ ಕೈ ಇಳಿಸಿ, ದೊಡ್ಡವ್ವ ಪ್ಲಾಸ್ಟಿಕ್ ಕವರನ್ನು ಹೊರಗೆ ತೆಗೆದಳು. ನಾಲ್ಕಾರು ಕಾಳು ನೆಲಕ್ಕೆ ಬಿದ್ದವು. ನಾನು ಆರಿಸಿ ಮೂಟೆಗೆ ಹಾಕಿದೆ. ಕ್ಯಾಷಿಯರ್ ನೋಟುಗಳ ದೂಳು ಕೊಡವುತ್ತಾ, "ಮೊನ್ನೆ ತಾನೇ ಎಲ್ಲಾ ತಗೊಂಡು ಹೋದ್ರಲ್ಲಮ್ಮ, ಮತ್ತೆ ಕಟ್ತಾ ಇದ್ದೀರಿ?" ಎಂದು ಕೇಳಿದರು. ದೊಡ್ಡವ್ವ ಒಂದಿಷ್ಟೂ ಅಳುಕದೆ, "ಬಿಸ್ಲಿಗಾಕಕ್ಕೆ ತಗೊಂಡೋಗಿದ್ದೆ ಸ್ವಾಮಿ" ಎಂದಳು. ಆಮೇಲೆ ಪಾಸ್ ಪುಸ್ತಕವನ್ನು ಅಚ್ಚು ಹಾಕಿಸಿ, ತಾನೇ ನನ್ನ ಮುಂದೆ ಹಿಡಿದು, "ನೋಡ್ಕೊ" ಎಂದಳು. ನಾನು ಹೋದ ವರ್ಷದ ಅತಿ ದೊಡ್ಡ ಮೊತ್ತವನ್ನು ಹುಡುಕಿ ಬರೆದುಕೊಂಡೆ. ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ, ಒಂದು ಸರ್ಕಾರಕ್ಕೆ ಹೇಳಿದ್ದೇ ಸಾಕು. ಕೋಳಿಯಿಂದ, ಹುಣಸೆಯಿಂದ ಅಷ್ಟಾಗಬಹುದೆಂದು ನಾನು ಎಣಿಸಿರಲಿಲ್ಲ. ಆದರೆ ಇನ್ನೊಬ್ಬರ ದುಡ್ಡಿನ ಬಗ್ಗೆ ಮಾತಾಡಬಾರದೆಂಬ ನನ್ನ ಶಿಸ್ತಿನಲ್ಲಿ, "ಸರಿ ದೊಡ್ಡವ್ವ" ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿ ಕೊಟ್ಟೆ. ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಪುಸ್ತಕವನ್ನು ಚೀಲದೊಳಗಿಟ್ಟುಕೊಂಡಳು. ಖಾತೆಯಿಂದ ನನ್ನ ಹೆಸರು ತೆಗೆಸಲೇ ಎಂದು ಕೇಳಿದರೆ, "ಯಾಕ್ ಮಗ, ಸುಮ್ನಿರು" ಎಂದು ಬೈದಳು. ಹುರುಳಿ ಪಾಂಡವಪುರದ ಮನೆ ಸೇರಿತು. ಅಮ್ಮ ಈಗಲೂ ಹುರುಳಿ ಸಾರು ಮಾಡುತ್ತಿದ್ದಾಳಂತೆ.

ವಾಪಸು ಹೋಗಿ, ರೂಪಾಯಿಗಳನ್ನು ಡಾಲರಿಗೆ ತಿರುಗಿಸಿ, ಎಲ್ಲ ಖಾತೆಗಳ ವಿವರವನ್ನು ಕಂಪ್ಯೂಟರಿನಲ್ಲಿ ತುಂಬಿದೆ. ಜಂಟಿ ಖಾತೆದಾರರ ಹೆಸರು ಕೇಳಿದಲ್ಲಿ ದೊಡ್ಡವ್ವನ ಹೆಸರು, ಊರು ಬರೆದೆ. ದೇವಲಾಪುರ ಎಂದು ಬರೆಯುವಾಗ ಅಕ್ಷರಗಳನ್ನು ಎರಡು ಸಲ ಸರಿ ನೋಡಿದೆ. ಬರೆದದ್ದೆಲ್ಲ ಸತ್ಯ ಎಂದು ಒಪ್ಪಿ ಕಳಿಸಿದೆ. 'ತಲುಪಿದೆ' ಎಂದು ಒಂದು ಸಾಲಿನ ಉತ್ತರ ಬಂತು, ಅಷ್ಟೇ. ಯಾರೂ ಏನೂ ಕೇಳಲಿಲ್ಲ.

ಭಾನುವಾರ ಫೋನ್ ಮಾಡಿ ದೊಡ್ಡವ್ವನಿಗೆ ಎಲ್ಲ ಮುಗಿಯಿತೆಂದು ಹೇಳಿದೆ. ಅವಳು ಫೋನನ್ನು ಹಿತ್ತಲಿಗೆ ತೆಗೆದುಕೊಂಡು ಹೋದದ್ದು ಕೋಳಿಗಳ ಸದ್ದಿನಿಂದ ಗೊತ್ತಾಯಿತು.

"ನೋಡಿದ್ರಾ ಅವ್ರು?"

"ನೋಡಿರ್ತಾರೆ ದೊಡ್ಡವ್ವ. ಏನೂ ತೊಂದರೆ ಇಲ್ಲ."

"ನಂದೂ ನೋಡಿದ್ರಾ?"

"ಎಲ್ಲ ಸೇರಿಸಿ ಕಳಿಸಿದ್ದೆನಲ್ಲ."

"ಏನೂ ಅನ್ನಲಿಲ್ವಾ?" ಅವಳು ಮತ್ತೆ ಕೇಳಿದಳು. "ಅಷ್ಟು ದೊಡ್ಡ ಸರ್ಕಾರ. ನೋಡ್ಬುಟ್ಟು ಏನೂ ಅನ್ನಲಿಲ್ವಾ ಮಗ?"

ಆಗ ನನಗೆ ತಿಳಿಯಿತು. ಅಷ್ಟು ವರ್ಷ ಕೂಡಿಟ್ಟದ್ದನ್ನು ಅವಳು ಯಾರಿಗೂ ತೋರಿಸುವಂತಿರಲಿಲ್ಲ. ಕೊನೆಗೆ ತೋರಿಸಿದ್ದು ನನಗೆ. ನಾನು ಸರಿ ಎಂದು ಪುಸ್ತಕ ಮುಚ್ಚಿದ್ದೆ. ಉಳಿದದ್ದು ಒಂದು ಸರ್ಕಾರ, ಅದೂ ಸುಮ್ಮನಿತ್ತು.

"ಅಂದರು ದೊಡ್ಡವ್ವ," ಎಂದೆ. "ಈ ಅಮ್ಮ ಬಹಳ ಚೆನ್ನಾಗಿ ಕೂಡಿಟ್ಟಿದ್ದಾರೆ ಅಂದರು."

ಆ ಕಡೆ ಅವಳು ಕೋಳಿಗಳನ್ನು ದೂರ ಅಟ್ಟಿದ್ದು ಕೇಳಿಸಿತು. ಆಮೇಲೆ, "ಯಾರಂದಿದ್ದು? ಗಂಡ್ಸಾ, ಎಂಗಸಾ?"

"ಹೆಂಗಸು."

"ಅಂಗಾದ್ರೆ ಗೊತ್ತಾಗಿರ್ತದೆ ಬುಡು," ಎಂದಳು ದೊಡ್ಡವ್ವ. ಆ ಹೆಂಗಸಿಗೆ ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ, ಅವಳಾದರೂ ಏನಾದರೂ ಕೂಡಿಟ್ಟುಕೊಂಡಿದ್ದಾಳೆಯೇ ಎಂದು ಒಂದೊಂದಾಗಿ ಕೇಳಿದಳು. ನನ್ನ ವಿಷಯದಲ್ಲಿ ಹೆಸರನ್ನೂ ಬಿಟ್ಟುಕೊಡದ ನಾನು, ಇಲ್ಲದ ಆ ಹೆಂಗಸಿನ ಸಂಸಾರವನ್ನೆಲ್ಲ ಅರ್ಧ ಗಂಟೆ ವಿವರವಾಗಿ ಹೇಳಿದೆ.